ಮಾಯಪ್ಪ ಕುಡಿದಿರಲಿಲ್ಲ

ಕುಲಗೋಡದ ಸುವರ್ಣಾ ಈಗ ಗೋಕಾಕದಲ್ಲಿ ಬೆಳೆಗೆ ಔಷಧ ಹೊಡೆಯುವ ಬ್ಯಾಟರಿ ಪಂಪು ರಿಪೇರಿ ಮಾಡುತ್ತಾಳೆ. ಬಸ್ ನಿಲ್ದಾಣದಿಂದ ಸ್ವಲ್ಪ ಕೆಳಗೆ, ಗೊಬ್ಬರದ ಅಂಗಡಿಯ ಬಾಜೂಕ್ಕೆ ಅಂಟಿಕೊಂಡ ಸಣ್ಣ ಖೋಲಿ. ರೈತರು ಬಂದು ಪಂಪು ಇಟ್ಟು ಸಂತೆಗೆ ಹೋಗುತ್ತಾರೆ, ಬರುವಾಗ ಒಯ್ಯುತ್ತಾರೆ. ಅವಳ ಹೆಸರು ಬಹಳ ಮಂದಿಗೆ ಗೊತ್ತಿಲ್ಲ. ಮಾಯಪ್ಪನ ಹೆಂಡತಿ ಎಂದರೆ ಮಾತ್ರ ಮೂಡಲಗಿಯಿಂದ ಹುಕ್ಕೇರಿವರೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಪ್ರತಿಯೊಬ್ಬನಿಗೂ ಗೊತ್ತು. ಬದುಕಿದ್ದಾಗ ಮಾಯಪ್ಪನ ಹೆಸರು ಅವನ ಕುರಿಗಳಿಗೆ, ಊರಿನ ನಾಲ್ಕು ಮಂದಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಸತ್ತ ಮೇಲೆ ಅದನ್ನು ಇಡೀ ರಸ್ತೆಗೆ ಗೊತ್ತುಮಾಡಿಸಿದವಳು ಅವಳೇ.

ಅವನು ಸತ್ತದ್ದು ಕಬ್ಬಿನ ಹಂಗಾಮು ಜೋರಿದ್ದ ದಿನಗಳಲ್ಲಿ. ಗೊಬ್ಬರಕ್ಕೆಂದು ಮೇಲವಂಕಿಯ ಹೊಲವೊಂದರಲ್ಲಿ ಕುರಿ ಕೂರಿಸಿದ್ದ. ಮರಿಗಳಿಗೆ ಜಂತಿನ ಔಷಧ ತರಲು ಗೋಕಾಕಕ್ಕೆ ಹೋಗಿ, ಹೊತ್ತು ಮುಳುಗುವಾಗ ಮೋಟಾರ್ ಸೈಕಲ್ಲಿನ ಮೇಲೆ ತಿರುಗಿ ಬರುತ್ತಿದ್ದ. ತಿರುವಿನಲ್ಲಿ ಕಬ್ಬು ತುಂಬಿದ ಟ್ರೇಲರೊಂದು ಗಾಲಿ ಒಡೆದು ನಿಂತಿತ್ತು. ಹಿಂದೆ ದೀಪವಿಲ್ಲ, ಕಲ್ಲು ಇಟ್ಟಿರಲಿಲ್ಲ, ಒಂದು ಟೊಂಗೆ ಕೂಡ ಮುರಿದು ಹಾಕಿರಲಿಲ್ಲ. ಎದುರಿನಿಂದ ಬಂದ ಲಾರಿಯ ಬೆಳಕು ಕಣ್ಣಿಗೆ ಹೊಡೆದಿರಬೇಕು. ಮಾಯಪ್ಪ ನೇರ ಹೋಗಿ ಕಬ್ಬಿನ ಹೊರೆಗೆ ಬಡಿದ. ಅಲ್ಲಿಯೇ ಹೋದ.

ಟ್ರೇಲರು ಅದೇ ಕುಲಗೋಡದ ಸೋಮಲಿಂಗನದು. ನಾಲ್ಕು ಟ್ರ್ಯಾಕ್ಟರು, ದೊಡ್ಡ ಹೊಲ, ಕಬ್ಬು ಕಡಿಯುವ ಸ್ವಂತ ಗ್ಯಾಂಗು ಇದ್ದವನು. ಅವತ್ತು ಆಳು ಬಾರದ್ದಕ್ಕೆ ತಾನೇ ಟ್ರ್ಯಾಕ್ಟರ್ ಹೊಡೆದುಕೊಂಡು ಹೊರಟಿದ್ದ. ಪೊಲೀಸರು ಬಂದಾಗ ಮಾಯಪ್ಪನ ಅಂಗಿಯಿಂದ ದಾರೂ ವಾಸನೆ ಬರುತ್ತಿತ್ತು. ಕೈಯ ಹತ್ತಿರ ಅರ್ಧ ಖಾಲಿಯಾದ ಬಾಟಲಿ ಬಿದ್ದಿತ್ತು. ಕುಡಿದ ನಶೆಯಲ್ಲಿ ನಿಂತ ಗಾಡಿಗೆ ಬಂದು ಬಡಿದ ಎಂದು ಸೋಮಲಿಂಗ ಹೇಳಿದ. ಕೂಡಿದ ಮಂದಿ ಬಾಟಲಿ ನೋಡಿ ಹೌದೆಂದರು. ಆಸ್ಪತ್ರೆಯವರ ವರದಿ ಮುಂದೆ ಯಾವಾಗಲೋ ಬಂತು, ಹೊಟ್ಟೆಯಲ್ಲಿ ದಾರೂ ಇರಲಿಲ್ಲ ಎಂದೇ ಬಂತು. ಆದರೆ ಅದು ಇಂಗ್ಲಿಷಿನಲ್ಲಿತ್ತು, ಯಾವುದೋ ಕಚೇರಿಯ ಕಪಾಟಿನಲ್ಲಿತ್ತು. ಊರಿನ ಕಣ್ಣಿಗೆ ಬಿದ್ದದ್ದು ಬಾಟಲಿ.

ಬೇರೆ ಮನೆಯಾಗಿದ್ದರೆ ಈ ಮಾತು ಹೆಣದ ಜೊತೆಗೇ ಮಣ್ಣಾಗಿ ಹೋಗುತ್ತಿತ್ತೋ ಏನೋ. ಮಾಯಪ್ಪನ ಅಪ್ಪ ಬೀರಸಿದ್ದಪ್ಪ ಊರಿನ ಬೀರಪ್ಪನ ಗುಡಿಯ ಪೂಜಾರಿ. ತಲೆತಲಾಂತರದಿಂದ ಆ ಮನೆಯಲ್ಲಿ ದಾರೂ ಮುಟ್ಟಿದವರಿಲ್ಲ. ಭಾನುವಾರ ಗುಡಿಯ ಕಟ್ಟೆಯ ಮೇಲೆ ಕೂತು, ಬಂದವರ ಹಣೆಗೆ ಭಂಡಾರದ ಅರಿಷಿಣ ಹಚ್ಚುವುದು ಅವನ ಕೆಲಸ. ಮಣ್ಣಾದ ಮೇಲಿನ ಮೊದಲ ಭಾನುವಾರ ಅವನು ಗುಡಿಗೆ ಹೋಗಲಿಲ್ಲ. ಎರಡನೆಯದಕ್ಕೂ ಹೋಗಲಿಲ್ಲ. ತಮ್ಮನ ಮಗನನ್ನು ಕರೆದು ಭಂಡಾರದ ಚೀಲ ಕೊಟ್ಟುಬಿಟ್ಟ.

ಸುವರ್ಣಾ ಮಾವನ ಮುಂದೆ ನಿಂತು ಮಾತಾಡಿದವಳೇ ಅಲ್ಲ. ಅವತ್ತು ನಿಂತಳು.

"ಮಾವಾರ, ನಿಮ್ಮ ಮಗ ಕುಡೀತಿದ್ದನೇನ್ರಿ?"

ಮುದುಕ ನೆಲ ನೋಡುತ್ತ ಹೇಳಿದ, "ಬಾಟ್ಲಿ ನಾನೂ ನೋಡೇನಿ, ಸುವರ್ಣಾ."

ಗಂಡ ಸತ್ತ ದಿನ ಅವಳು ಅತ್ತಿದ್ದಳು. ಈ ಮಾತು ಕೇಳಿದ ದಿನ ಅಳು ಬರಲಿಲ್ಲ. ಹೆತ್ತ ಅಪ್ಪನೇ ನಂಬಿಬಿಟ್ಟಿದ್ದ. ಮಾಯಪ್ಪನನ್ನು ಇನ್ನೊಮ್ಮೆ ಕೊಂದಂತಾಯಿತು ಅವಳಿಗೆ.

ಖರೆ ಏನೆಂದು ಗೊತ್ತಾದದ್ದು ರಾಯವ್ವನಿಂದ. ರಾಯವ್ವ ಸೋಮಲಿಂಗನ ಗ್ಯಾಂಗಿನಲ್ಲಿ ಕಬ್ಬು ಕಡಿಯುವ ಹೆಂಗಸು. ಸುವರ್ಣಾ ಕಾಲುವೆಗೆ ಅರಿವೆ ಒಗೆಯಲು ಹೋದಾಗ ಬಾಜೂಕ್ಕೆ ಬಂದು ಕುಳಿತು, ಮಾರಿ ಎತ್ತದೆ ಎಲ್ಲ ಹೇಳಿದಳು. ಗಾಲಿ ಒಡೆದ ಮೇಲೆ ಸೋಮಲಿಂಗ ಹೆಂಗಸರನ್ನು ರಸ್ತೆಯ ಬದಿಗೆ ಕೂರಿಸಿ, ಜಾಕು ತರುತ್ತೇನೆಂದು ಧಾಬಾಕ್ಕೆ ಹೋಗಿದ್ದನಂತೆ. ಬಡಿದ ಸಪ್ಪಳಕ್ಕೆ ಓಡಿ ಬಂದವನೇ ಹೆಣ ನೋಡಿದ, ಹಿಂದೆಮುಂದೆ ನೋಡಿದ, ಟ್ರ್ಯಾಕ್ಟರಿನ ಪಾನಾ, ಇಕ್ಕಳ ಇಡುವ ಪೆಟ್ಟಿಗೆಯಿಂದ ತನ್ನ ಬಾಟಲಿ ತೆಗೆದು ಹೆಣದ ಮೇಲೆ ಸುರಿದ. ಬಾಯಿ ಬಿಟ್ಟರೆ ಈ ಸಲ ಅಷ್ಟೇ ಅಲ್ಲ, ಮುಂದೆಂದೂ ಕೆಲಸಕ್ಕೆ ಕರೆಯುವುದಿಲ್ಲ ಎಂದು ಹೆಂಗಸರಿಗೆ ಅಂಜಿಕೆ ಹಾಕಿದ. ಇಷ್ಟು ಹೇಳಿ ರಾಯವ್ವ, ಯಾರಾದರೂ ಕೇಳಿದರೆ ನಾನು ಹೇಳಿಲ್ಲ ಎನ್ನುತ್ತೇನೆ, ನನ್ನ ಮಕ್ಕಳು ಉಣ್ಣಬೇಕು ಎಂದು ಎದ್ದು ಹೋದಳು.

ಅಂದಿನಿಂದ ಸುವರ್ಣಾಳಿಗೆ ಒಂದೇ ಧ್ಯಾನ. ರೊಟ್ಟಿ ಬಡಿಯುವಾಗ ಸೋಮಲಿಂಗನ ಮಾರಿ ಕಾಣುತ್ತಿತ್ತು. ಅವನ ಟ್ರ್ಯಾಕ್ಟರಿನ ಸಪ್ಪಳ ಓಣಿಯಲ್ಲಿ ಕೇಳಿದರೆ ಕೈಯಲ್ಲಿದ್ದ ಕುಡುಗೋಲಿನ ಹಿಡಿತ ಬಿಗಿಯಾಗುತ್ತಿತ್ತು. ಒಂದು ಮುಂಜಾನೆ ಅವನ ಹೊಲದ ದಾರಿಯವರೆಗೆ ಕುಡುಗೋಲು ಹಿಡಿದು ಹೋದದ್ದೂ ಉಂಟು. ಎದುರಿಗೆ ಅವನ ಹೆಂಡತಿ ಸಾವಿತ್ರವ್ವ ಬುತ್ತಿ ಹೊತ್ತು ಬರುತ್ತಿದ್ದಳು. ಏನವ್ವಾ, ಹುಲ್ಲಿಗೆ ಬಂದಿ ಏನು ಎಂದು ಕೇಳಿದಳು. ಸುವರ್ಣಾ ಹೌದೆಂದು ಒಂದು ಹೊರೆ ಹುಲ್ಲು ಕೊಯ್ದುಕೊಂಡು ತಿರುಗಿ ಬಂದಳು.

ಕಾಯಲು ಗಂಡಾಳಿಲ್ಲದ ಮೇಲೆ ಕುರಿಗಳಲ್ಲಿ ಅರ್ಧ ಮಾರಿದರು, ಅರ್ಧ ದಾಯಾದಿಗಳ ಹಿಂಡಿಗೆ ಸೇರಿಸಿದರು. ಮನೆ ನಡೆಯಲು ಪಗಾರದ ಕೆಲಸ ಬೇಕಾಯಿತು. ಮೇಲವಂಕಿಯಲ್ಲಿದ್ದ ಅವಳ ಅಣ್ಣ ಭೀಮಶಿ, ತನ್ನ ಪಂಪು ರಿಪೇರಿಗೆ ಕೊಡುವ ಪೂನಮ್ ಹತ್ತಿರ ಕರೆದುಕೊಂಡು ಹೋದ. ಪೂನಮ್ ಕೊಣ್ಣೂರಿನ ಹುಡುಗಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ, ಎರಡು ವರ್ಷ ಬೆಳಗಾವಿಯ ಕಂಪನಿಯೊಂದರಲ್ಲಿ ದುಡಿದು, ಅದು ಸಾಕಾಗಿ ಗೋಕಾಕದಲ್ಲಿ ಅಂಗಡಿ ತೆರೆದವಳು. ಪಂಪು ಬಿಚ್ಚಲು, ತೊಳೆಯಲು, ಜೋಡಿಸಲು ಒಬ್ಬರು ಬೇಕಾಗಿತ್ತು. ಸುವರ್ಣಾ ದಿನಾ ಮುಂಜಾನೆಯ ಬಸ್ಸಿಗೆ ಗೋಕಾಕಕ್ಕೆ ಬರತೊಡಗಿದಳು.

ಆ ಅಂಗಡಿಯ ಕಟ್ಟೆಯ ಮೇಲೆ ಒಂದು ಸಣ್ಣ ಕೆಂಪು ದೀಪವಿತ್ತು. ಅಂಗಡಿ ತೆರೆದಿದೆ ಎಂದು ಹಾದುಹೋಗುವವರಿಗೆ ತಿಳಿಯಲಿ ಎಂದು ಪೂನಮ್ ತಾನೇ ಮಾಡಿ ಇಟ್ಟದ್ದು. ಹತ್ತುವುದು, ಆರುವುದು, ಹತ್ತುವುದು, ಆರುವುದು. ಸುವರ್ಣಾ ಕೆಲಸದ ನಡುವೆ ಅದನ್ನೇ ನೋಡುತ್ತ ಕೂರುತ್ತಿದ್ದಳು. ಇಂಥದೊಂದು ಆ ಟ್ರೇಲರಿನ ಹಿಂದೆ ಇದ್ದಿದ್ದರೆ ಎಂಬ ವಿಚಾರ ಬಂದಾಗಲೆಲ್ಲ ತಿರುಪು ಬಿಚ್ಚುವ ಕೈ ನಿಲ್ಲುತ್ತಿತ್ತು. ಒಂದು ದಿನ, ಇದನ್ನು ಹೆಂಗ ಮಾಡೂದ್ರಿ ಎಂದು ಕೇಳಿದಳು.

ಪೂನಮ್ ಬಿಡುವಿದ್ದಾಗ ಹೇಳಿಕೊಟ್ಟಳು. ಎಂಟು ಕಾಲಿನ ಕರಿ ತುಣುಕು, ಟೈಮರ್ ಐಸಿ. ಅದರ ಒಂದು ತುದಿಗೆ ಸಣ್ಣ ಕಚ್ಚು ಇರುತ್ತದೆ. ಕಚ್ಚು ಮೇಲೆ ಹಿಡಿದರೆ ಎಡಕ್ಕೆ ಒಂದನೇ ಕಾಲು, ಅಲ್ಲಿಂದ ಕೆಳಗಿಳಿದು ಬಲಗಡೆ ಮೇಲೇರಿ ಬಂದರೆ ಎಂಟನೆಯದು. ಒಂದಕ್ಕೆ ಬ್ಯಾಟರಿಯ ಮೈನಸ್ ತಂತಿ, ಎಂಟಕ್ಕೆ ಪ್ಲಸ್ ತಂತಿ, ನಾಲ್ಕನ್ನೂ ಎಂಟರ ಜೊತೆ ಸೇರಿಸಬೇಕು. ಎರಡು ಮತ್ತು ಆರನ್ನು ಒಂದಕ್ಕೊಂದು ಜೋಡಿಸಿ, ಅಲ್ಲಿಂದ ಒಂದಕ್ಕೆ ಕೆಪಾಸಿಟರ್ ಇಳಿಸಬೇಕು. ಏಳರಿಂದ ಎಂಟಕ್ಕೆ ಒಂದು ರೆಸಿಸ್ಟರು, ಆರಕ್ಕೆ ಇನ್ನೊಂದು. ದೀಪ ಹತ್ತುವುದು ಮೂರನೇ ಕಾಲಿನಿಂದ.

"ಕೆಪಾಸಿಟರ್ ಅಂದ್ರ ಕೊಡ ಅಂತ ತಿಳ್ಕೋ ಸುವರ್ಣಕ್ಕ," ಎಂದಳು ಪೂನಮ್. "ರೆಸಿಸ್ಟರ್ ಅಂದ್ರ ಸಣ್ಣ ನಳ. ಕೊಡ ಮೂರರಾಗ ಎರಡು ಪಾಲು ತುಂಬಿದ ಕೂಡಲೇ ಈ ಐಸಿ ಅದನ್ನ ಚೆಲ್ಲಾಕ ಹತ್ತತೈತಿ. ಒಂದು ಪಾಲಿಗೆ ಇಳಿತಂದ್ರ ಮತ್ತ ತುಂಬಾಕ ಬಿಡತೈತಿ. ತುಂಬುವಾಗ ದೀಪ ಹತ್ತತೈತಿ, ಚೆಲ್ಲುವಾಗ ಆರತೈತಿ. ಅಷ್ಟ."

ಮೊದಲನೆಯದರಲ್ಲಿ ಸುವರ್ಣಾ ಐಸಿಯನ್ನು ತಿರುವಿ ಕೂರಿಸಿದಳು. ಬ್ಯಾಟರಿ ಹಚ್ಚಿದ ಕೂಡಲೇ ಅದು ಬೆರಳು ಸುಡುವಷ್ಟು ಕಾಯ್ದು ಸತ್ತಿತು. ಎರಡನೆಯದರಲ್ಲಿ ದೀಪ ಹತ್ತಿದ್ದು ಆರಲೇ ಇಲ್ಲ. ಎರಡು ಮತ್ತು ಆರರ ನಡುವಿನ ಬೆಸುಗೆ ಹಿಡಿದಿರಲಿಲ್ಲ. ಮೂರನೆಯದು ಮಿಣುಕಿತು. ಆ ಮಿಣುಕು ನೋಡುತ್ತ ಅವಳ ತಲೆಯಲ್ಲಿ ಬೇರೆಯದೇ ಹೊಳೆಯಿತು. ಮರುವರ್ಷದ ಹಂಗಾಮು ಶುರುವಾಗಿ ಸೋಮಲಿಂಗನ ಕಬ್ಬು ಕಟಾವಿಗೆ ಬಂದು ನಿಂತಿತ್ತು. ಒಣಗಿದ ಗರಿಯ ರವದಿ ಕಡ್ಡಿ ಗೀರಿದರೆ ಸಾಕು ಅನ್ನುವಂತಿತ್ತು.

"ಪೂನಮ್ ಅಕ್ಕಾರ," ಎಂದಳು. "ಇದು ದೀಪ ಹತ್ತಿಸಿದಂಗ, ನಾವು ಅಲ್ಲಿ ಇಲ್ಲದಾಗ ಬೆಂಕಿ ಹತ್ತಸತೈತೇನ್ರಿ?"

ಪೂನಮ್ ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟಳು. ಯಾಕೆ ಎಂದು ಕೇಳಲಿಲ್ಲ. ಭೀಮಶಿ ಅವಳಿಗೆ ನಡೆದದ್ದನ್ನೆಲ್ಲ ಹೇಳಿದ್ದ. ಲೆಕ್ಕ ಬಿಡಿಸಿ ಹೇಳಿದಳು. ಕಬ್ಬು ಸುಟ್ಟರೆ ಏನಾಗುತ್ತದೆ? ಸುಟ್ಟ ಕಬ್ಬನ್ನೂ ಕಾರ್ಖಾನೆಯವರು ಒಯ್ಯುತ್ತಾರೆ, ಸ್ವಲ್ಪ ಕಡಿಮೆ ಕೊಡುತ್ತಾರೆ. ಸೋಮಲಿಂಗನಿಗೆ ಅದು ಲೆಕ್ಕಕ್ಕಿಲ್ಲ. ಊರ ಮಂದಿ ಅವನ ಕಟ್ಟೆಗೆ ಹೋಗಿ ಪಾಪ, ಹಿಂಗಾಗಬಾರದಿತ್ತು ಎನ್ನುತ್ತಾರೆ.

"ಬೆಂಕಿ ಹಚ್ಚಿದ್ರ ಅಂವ ಪಾಪದಾಂವ ಆಗ್ತಾನ. ನೀ ಜೇಲಿಗಿ ಹೋಗ್ತಿ. ಮಾಯಪ್ಪಣ್ಣ ಕುಡುಕ ಆಗೇ ಉಳೀತಾನ," ಎಂದಳು ಪೂನಮ್. "ನಿನಗ ಏನು ಬೇಕು ಅದನ್ನ ಹೇಳು."

ಸುವರ್ಣಾ ಅವತ್ತು ಅದೇ ಮಾತು ತಲೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಬಸ್ಸಿನಲ್ಲಿ ಕೂತು ಬರುವಾಗ ಮುಂದೆ ಒಂದು ಕಬ್ಬಿನ ಟ್ರ್ಯಾಕ್ಟರು ಹೊರಟಿತ್ತು. ದಾರಿ ಸಿಗದೆ ಬಸ್ಸು ಬಹಳ ದೂರ ಅದರ ಬೆನ್ನಿಗೇ ಹೋಯಿತು. ಬಸ್ಸಿನ ಮಂದಿಯೆಲ್ಲ ಮಾಡಲು ಬೇರೆ ಕೆಲಸವಿಲ್ಲದೆ ಆ ಟ್ರೇಲರಿನ ಹಿಂಭಾಗ ನೋಡುತ್ತಿದ್ದರು. ಅಲ್ಲಿ ಯಾವುದೋ ದೇವರ ಹೆಸರು, ಯಾವುದೋ ಮಗುವಿನ ಹೆಸರು ಬರೆದಿತ್ತು. ಸುವರ್ಣಾಳ ಬಾಜೂ ಕೂತ ಮುದುಕಿ, ಅದೇನು ಬರದಾರ ಓದವ್ವಾ ಎಂದಳು. ಸುವರ್ಣಾ ಓದಿ ಹೇಳಿದಳು.

ಮರುದಿನ ಅಂಗಡಿಗೆ ಬಂದವಳೇ ತನಗೇನು ಬೇಕೆಂದು ಪೂನಮ್‌ಗೆ ಹೇಳಿದಳು.

ಪಂಪಿನ ಹಳೇ ಬ್ಯಾಟರಿಗಳು ಅಂಗಡಿಯ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಔಷಧ ಹೊಡೆಯಲು ಅವುಗಳಲ್ಲಿ ಕಸುವಿರಲಿಲ್ಲ, ಆದರೆ ನಾಲ್ಕಾರು ಸಣ್ಣ ದೀಪ ಮಿಣುಕಿಸಲು ಧಾರಾಳ ಸಾಕು. ಒಮ್ಮೆ ಚಾರ್ಜ್ ಮಾಡಿದರೆ ವಾರದ ಮೇಲೆ ನಡೆಯುತ್ತಿತ್ತು. ಅಡುಗೆ ಎಣ್ಣೆಯ ತಗಡಿನ ಡಬ್ಬಿಯ ಒಂದು ಬದಿ ಕತ್ತರಿಸಿ, ಅಲ್ಲಿ ಕೆಂಪು ಪ್ಲಾಸ್ಟಿಕ್ ಹಾಳೆ ಕೂರಿಸಿದರು. ಟ್ರ್ಯಾಕ್ಟರಿನ ವಾಯರು ಬೇಕಿಲ್ಲ, ಟ್ರೇಲರಿನ ಹಿಂದಿನ ಕಬ್ಬಿಣಕ್ಕೆ ತಂತಿಯಿಂದ ಬಿಗಿದರೆ ಮುಗಿಯಿತು. ಮೂಡಲಗಿಯಲ್ಲಿ ಗಾಡಿಗಳಿಗೆ ರೇಡಿಯಂ ಅಕ್ಷರ ಕತ್ತರಿಸುವವನ ಹತ್ತಿರ ಹೋಗಿ ಸುವರ್ಣಾ ಕರಿ ಸ್ಟಿಕ್ಕರ್ ಮಾಡಿಸಿದಳು. ಅಕ್ಷರದ ಜಾಗ ಮಾತ್ರ ಕತ್ತರಿಸಿ ತೆಗೆದು, ಉಳಿದದ್ದೆಲ್ಲ ಕರಿ. ಅದನ್ನು ಕೆಂಪು ಹಾಳೆಗೆ ಅಂಟಿಸಿದರೆ, ದೀಪ ಹತ್ತಿದಾಗಲೆಲ್ಲ ಕೆಂಪು ಅಕ್ಷರಗಳು ಹೊರಬರುತ್ತಿದ್ದವು, ಆರಿದಾಗ ಮಾಯ. ಎರಡು ಸಾಲು. ಮೇಲೆ ಮಾಯಪ್ಪ, ಕೆಳಗೆ ಕುಡಿದಿರಲಿಲ್ಲ.

ಮೊದಲ ಡಬ್ಬಿ ಕಟ್ಟಿದ್ದು ಭೀಮಶಿಯ ಟ್ರೇಲರಿಗೆ. ಎರಡನೆಯದು ಅವನ ಗೆಳೆಯನದಕ್ಕೆ. ದೀಪಕ್ಕೆ ಅವಳು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅಕ್ಷರ ಕೀಳಬಾರದು, ಬ್ಯಾಟರಿ ಇಳಿದಾಗ ಅಂಗಡಿಗೆ ತಂದು ಬದಲಿಸಿಕೊಳ್ಳಬೇಕು, ಅವೆರಡೇ ಕರಾರು. ಕಬ್ಬು ಸಾಗಿಸುವವರು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಮಾಯಪ್ಪನ ಮೇಲಿನ ಮರುಕದಿಂದ ಬಂದರೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರಿಗೆ ಪುಕ್ಕಟೆ ದೀಪ ಬೇಕಾಗಿತ್ತು. ಆ ತಿರುವಿನಲ್ಲಿ ನಡೆದದ್ದು ಕೆಲವರಿಗೆ ಅಂಜಿಕೆ ಹುಟ್ಟಿಸಿತ್ತು. ಇನ್ನು ಕೆಲವರಿಗೆ ಸೋಮಲಿಂಗನ ಮೇಲೆ ತಮ್ಮದೇ ಸಿಟ್ಟಿತ್ತು, ತಮ್ಮ ಸರದಿ ತಪ್ಪಿಸಿ ತನ್ನ ಕಬ್ಬು ಕಡಿಸಿಕೊಳ್ಳುತ್ತಾನೆ ಎಂದು. ಸುವರ್ಣಾ ಯಾರನ್ನೂ ಯಾಕೆ ಬಂದಿರಿ ಎಂದು ಕೇಳಲಿಲ್ಲ.

ಹಂಗಾಮು ನಡುವಿಗೆ ಬರುವಷ್ಟರಲ್ಲಿ, ಹೊತ್ತು ಮುಳುಗಿದ ಮೇಲೆ ಆ ರಸ್ತೆಗಳ ಮೇಲೆ ಮಾಯಪ್ಪನ ಹೆಸರು ಸಾಲುಗಟ್ಟಿ ಹೋಗತೊಡಗಿತು. ಕುಲಗೋಡದಿಂದ ಗೋಕಾಕದ ಕಡೆಗೆ, ಅಲ್ಲಿಂದ ಹುಕ್ಕೇರಿಯ ಆಚೆಗಿನ ಕಾರ್ಖಾನೆಯವರೆಗೆ. ಬಸ್ಸಿನ ಮಂದಿ ಓದಿದರು, ಮೋಟಾರ್ ಸೈಕಲ್ಲಿನವರು ಓದಿದರು. ಓದಿದವರು ಚಹಾದಂಗಡಿಯಲ್ಲಿ ಕೇಳಿದರು, ಯಾರ ಈ ಮಾಯಪ್ಪ? ಕುಡಿದಿದ್ದ ಅಂತ ಯಾರ ಅಂದ್ರು? ಭೀಮಶಿಯಿಂದ ಕೇಳಿ ಗೊತ್ತಿದ್ದವರು ಅಲ್ಲಿ ಇದ್ದೇ ಇರುತ್ತಿದ್ದರು. ಡಬ್ಬಿಯ ಮೇಲೆ ಸೋಮಲಿಂಗನ ಹೆಸರು ಎಲ್ಲಿಯೂ ಇರಲಿಲ್ಲ. ಆದರೆ ಮಾಯಪ್ಪನ ಕಥೆಯನ್ನು ಸೋಮಲಿಂಗನ ಹೆಸರಿಲ್ಲದೆ ಹೇಳಲು ಬರುತ್ತಿರಲಿಲ್ಲ.

ಸೋಮಲಿಂಗ ಮೊದಲು ನಕ್ಕ. ಆಮೇಲೆ ಊರಿನ ಹಿರಿಯರನ್ನು ಕರೆದುಕೊಂಡು ಮನೆಗೆ ಬಂದ. ಹಿರಿಯರು, ಸತ್ತವರ ಹೆಸರನ್ನು ಬೀದಿಗೆ ತರಬಾರದು, ಅದನ್ನು ತೆಗೆಸು ಎಂದು ಬುದ್ಧಿ ಹೇಳಿದರು. ಬೀದಿಗೆ ತಂದವರು ಯಾರು ಎಂದು ಸುವರ್ಣಾ ಕೇಳಿದಳು. ಹಿರಿಯರು ಎದ್ದು ಚಪ್ಪಲಿ ಮೆಟ್ಟಿದರು. ಸೋಮಲಿಂಗ ಹೊರಗೆ ಹೋಗುವಾಗ ಮೂಲೆಯಲ್ಲಿ ಕೂತ ಬೀರಸಿದ್ದಪ್ಪ ಅವನ ಬೆನ್ನನ್ನೇ ನೋಡುತ್ತಿದ್ದುದು ಸುವರ್ಣಾಳ ಕಣ್ಣಿಗೆ ಬಿತ್ತು.

ಮುಂದೆ ಸೋಮಲಿಂಗ ಪೊಲೀಸರಿಗೆ ಹೇಳಿಸಿದ. ಒಬ್ಬ ಹವಾಲ್ದಾರ ಅಂಗಡಿಗೆ ಬಂದು ಡಬ್ಬಿಯನ್ನು ತಿರುವಿ ಮುರುವಿ ನೋಡಿದ. ಇದರಲ್ಲಿ ಯಾರ ಮೇಲೂ ಏನೂ ಬರೆದಿಲ್ಲ, ದೀಪ ಹಾಕಿದ್ದಕ್ಕೆ ಯಾವ ಕೇಸು ಹಾಕಲಿ ಎಂದು ತಾನೇ ಕೇಳಿದ. ಹೋಗುವಾಗ, ನನ್ನ ಮಾವನ ಟ್ರ್ಯಾಕ್ಟರಿಗೂ ಒಂದು ಕೊಡ್ತಿ ಏನವಾ ಎಂದ.

ಹುಕ್ಕೇರಿಯಲ್ಲಿ ನಡೆದದ್ದನ್ನು ರಾಯವ್ವ ಬಂದು ಹೇಳಿದಳು. ಸೋಮಲಿಂಗ ಗ್ಯಾಂಗಿನವರ ಜೊತೆ ಚಹಾದಂಗಡಿಯಲ್ಲಿ ಕೂತಿದ್ದ. ರಸ್ತೆಯ ಮೇಲೆ ಟ್ರೇಲರೊಂದು ಮಿಣುಕುತ್ತ ಹೋಯಿತು. ಅವನ ಪರಿಚಯವಿಲ್ಲದ ಚಹಾದವನು ಅವನನ್ನೇ ಕೇಳಿದನಂತೆ, "ನೀವು ಕುಲಗೋಡದ ಕಡೇದವರಲ್ರಿ? ಆ ಹೆಣದ ಮ್ಯಾಲ ದಾರೂ ಸುರುವಿದ ಮಗ ಯಾರ್ರಿ?" ಸೋಮಲಿಂಗ ಚಹಾ ಅರ್ಧಕ್ಕೆ ಬಿಟ್ಟು ಎದ್ದ. ಗ್ಯಾಂಗಿನ ಹೆಂಗಸರು ತಲೆ ತಗ್ಗಿಸಿ ಕೂತಿದ್ದರು. ಆದರೆ ಅವರ ಹೆಗಲು ನಗುವಿಗೆ ಕುಲುಕುತ್ತಿದ್ದುದನ್ನು ಅವನು ನೋಡಿದ. ರಾಯವ್ವ ಇದನ್ನು ಹೇಳುವಾಗ ಈ ಸಲ ಸುವರ್ಣಾಳ ಮಾರಿ ನೋಡಿಯೇ ಹೇಳಿದಳು. ಸುವರ್ಣಾ ಎರಡೆರಡು ಸಲ ಹೇಳಿಸಿಕೊಂಡು ಕೇಳಿದಳು. ಚಹಾ ಎಷ್ಟು ಉಳಿದಿತ್ತು ಎಂದು ಸಹ ಕೇಳಿದಳು. ಗಂಡ ಹೋದ ಮೇಲೆ ಅವತ್ತು ಅವಳಿಗೆ ಊಟ ರುಚಿಸಿತು.

ಅಷ್ಟರಲ್ಲಿ ಕಾರ್ಖಾನೆಯವರು, ಹಿಂದೆ ದೀಪವಿಲ್ಲದ ಟ್ರೇಲರನ್ನು ಅಂಗಳಕ್ಕೆ ಬಿಡುವುದಿಲ್ಲ ಎಂದು ಹೇಳಿದರು. ಸೋಮಲಿಂಗ ಪೇಟೆಯಿಂದ ಹೊಸ ದೀಪ ತಂದು ಹಾಕಿಸಿದ. ಟ್ರ್ಯಾಕ್ಟರಿನಿಂದ ಹಿಂದಿನವರೆಗೆ ಎಳೆದ ವಾಯರು ಕಬ್ಬು ಏರಿಸುವಾಗ, ಇಳಿಸುವಾಗ ಸಿಕ್ಕಿ ಹರಿಯುತ್ತಿತ್ತು. ಅದನ್ನಾದರೂ ಅವನು ದಿನಾ ಕಟ್ಟಿಸಿಕೊಳ್ಳುತ್ತಿದ್ದ. ಆದರೆ ಬೇರೆ ಎಲ್ಲ ಟ್ರೇಲರುಗಳ ಮೇಲೆ ಆ ಹೆಸರಿದ್ದು ಅವನದರ ಮೇಲೆ ಮಾತ್ರ ಇಲ್ಲದ್ದು ಈಗ ದೂರದಿಂದಲೇ ಗೊತ್ತಾಗುತ್ತಿತ್ತು. ಹೆಸರಿಲ್ಲದ ಟ್ರೇಲರು ಬಂತು ಎಂದರೆ ಸೋಮಲಿಂಗ ಬಂದ ಎಂದೇ ಅರ್ಥ. ಸರದಿಯಲ್ಲಿ ನಿಂತ ಡ್ರೈವರುಗಳು ಅವನತ್ತ ನೋಡಿ ಬಾಟಲಿ ಎತ್ತಿದಂತೆ ಕೈ ಮಾಡಿ ನಗುತ್ತಿದ್ದರು. ಕಡೆಗೆ ರಾಯವ್ವ ಒಂದು ಮುಂಜಾನೆ, ಈ ಗಾಡಿ ಹತ್ತಂಗಿಲ್ಲ ಎಂದು ಕುಡುಗೋಲು ಕೆಳಗಿಟ್ಟು ನಿಂತಳು. ಅವಳ ಹಿಂದೆ ಉಳಿದ ಹೆಂಗಸರೂ ನಿಂತರು. ಎರಡು ದಿನದಲ್ಲಿ ಬೇರೆಯವರು ಅವರನ್ನು ಕೆಲಸಕ್ಕೆ ಕರೆದೊಯ್ದರು. ಸೋಮಲಿಂಗನ ಕಡಿದ ಕಬ್ಬು ಹೊಲದಲ್ಲಿ ಒಣಗತೊಡಗಿತು.

ಅವನು ಒಬ್ಬನೇ ಗೋಕಾಕದ ಅಂಗಡಿಗೆ ಬಂದದ್ದು ಆಗ. ಮಧ್ಯಾಹ್ನದ ಹೊತ್ತು. ಸುವರ್ಣಾ ಪಂಪೊಂದರ ಮೋಟಾರು ಬಿಚ್ಚುತ್ತಿದ್ದಳು. ಪೂನಮ್ ಒಳಗೆ ಊಟಕ್ಕೆ ಕೂತಿದ್ದಳು. ಸೋಮಲಿಂಗ ಬಾಗಿಲ ಹೊರಗೇ ನಿಂತ.

"ತಂಗಿ, ನನಗೂ ಒಂದು ದೀಪ ಕೊಡು," ಎಂದ.

"ತಂಗಿ ಅನಬ್ಯಾಡ್ರಿ," ಎಂದಳು ಸುವರ್ಣಾ. "ನಿಮಗ ದೀಪ ಬೇಕಾದ್ರ ಮೊದಲ ಬೀರಪ್ಪನ ಗುಡಿಗೆ ಬರ್ರಿ. ಭಾನುವಾರ. ಮಂದಿ ಕೂಡಿರಬೇಕು. ಭಂಡಾರ ಕೈಯಾಗ ಹಿಡಕೊಂಡು ನಮ್ಮ ಮಾವಾರ ಮುಂದ ಏನು ಮಾಡೀರಿ ಅದನ್ನ ಹೇಳ್ರಿ."

ಅವನು ಬಹಳ ಹೊತ್ತು ಮಾತಾಡಿದ. ಅಂಜಿಕೆಯಲ್ಲಿ ಆಗಿಹೋಯಿತು ಎಂದ. ಬೇಕಾದದ್ದು ಕೊಡುತ್ತೇನೆ, ಹೊಲ ಬರೆದುಕೊಡುತ್ತೇನೆ ಎಂದ. ಅವಳು ಮೋಟಾರಿನ ತಿರುಪು ಬಿಚ್ಚುತ್ತಲೇ ಇದ್ದಳು. ಅವನು ಕೈ ಮುಗಿದಾಗ ಒಮ್ಮೆ ತಲೆಯೆತ್ತಿ ನೋಡಿದಳು. ಈ ಮಾರಿಯನ್ನು ಎಷ್ಟು ದಿನದಿಂದ ಹೀಗೆ ನೋಡಬೇಕೆಂದಿದ್ದೆ ಎಂದು ಅನಿಸಿತೇ ಹೊರತು ಕನಿಕರ ಹುಟ್ಟಲಿಲ್ಲ.

ಭಾನುವಾರ ಅವನು ಬಂದ. ಬರುತ್ತಾನೆಂದು ಹೇಗೋ ಊರಿಗೆ ಗೊತ್ತಾಗಿ, ಗುಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಬೀರಸಿದ್ದಪ್ಪನನ್ನು ಸುವರ್ಣಾ ಕೈ ಹಿಡಿದು ಕರೆತಂದಳು. ಅವನು ಕಟ್ಟೆ ಹತ್ತಲಿಲ್ಲ, ಕೆಳಗೇ ಕೂತ. ಸೋಮಲಿಂಗ ಭಂಡಾರ ಕೈಯಲ್ಲಿ ಹಿಡಿದ. ಬೆರಳ ಸಂದಿಯಿಂದ ಅರಿಷಿಣ ಅಂಗಿಯ ಮೇಲೆಲ್ಲ ಉದುರಿತು. ಗಾಲಿ ಒಡೆದದ್ದು, ದೀಪವಿಲ್ಲದೆ ಟ್ರೇಲರು ಬಿಟ್ಟು ಹೋದದ್ದು, ಬಾಟಲಿ ಸುರಿದದ್ದು, ಪೊಲೀಸರಿಗೆ ಸುಳ್ಳು ಹೇಳಿದ್ದು, ಎಲ್ಲವನ್ನೂ ಹೇಳಿದ. ದನಿ ಸಣ್ಣದಾಗಿತ್ತು. ಹಿಂದಿದ್ದವರು ಕೇಳಿಸುತ್ತಿಲ್ಲ ಎಂದರು. ಸುವರ್ಣಾ, ಇನ್ನೊಮ್ಮೆ ಹೇಳ್ರಿ ಎಂದಳು. ಅವನು ಇನ್ನೊಮ್ಮೆ ಹೇಳಿದ.

ಬೀರಸಿದ್ದಪ್ಪ ಒಂದೇ ಮಾತು ಕೇಳಿದ. "ಬಾಟ್ಲಿ ಯಾರದಪಾ?"

"ನಂದರಿ."

ಮುದುಕ ಎದ್ದ. ಕಟ್ಟೆ ಹತ್ತಿ ತನ್ನ ಜಾಗದಲ್ಲಿ ಕೂತ. ತಮ್ಮನ ಮಗ ತಾನಾಗಿಯೇ ಭಂಡಾರದ ಚೀಲವನ್ನು ಅವನ ತೊಡೆಯ ಮೇಲಿಟ್ಟ. ಮಂದಿ ಸಾಲಾಗಿ ಬಂದು ಹಣೆ ಒಡ್ಡಿದರು. ಬೀರಸಿದ್ದಪ್ಪ ಒಬ್ಬೊಬ್ಬರಿಗೂ ಹಚ್ಚಿದ. ರಾಯವ್ವನಿಗೆ ಹಚ್ಚಿದ, ಸಾವಿತ್ರವ್ವನಿಗೂ ಹಚ್ಚಿದ. ಸೋಮಲಿಂಗ ಬಂದು ತಲೆ ಬಗ್ಗಿಸಿದಾಗ ಕೈ ಎತ್ತಲಿಲ್ಲ. ಅವನ ಹಿಂದೆ ನಿಂತವನನ್ನು ಮುಂದೆ ಬಾ ಎಂದ. ಸೋಮಲಿಂಗ ಬಗ್ಗಿಸಿದ ತಲೆಯನ್ನು ಹಾಗೆಯೇ ಹಿಡಿದುಕೊಂಡು ಪಕ್ಕಕ್ಕೆ ಸರಿದ. ಹುಟ್ಟಿದಾಗಿನಿಂದ ಆ ಗುಡಿಯಿಂದ ಹಣೆ ಬರಿದಾಗಿ ಅವನು ಮನೆಗೆ ಹೋದದ್ದು ಅದೇ ಮೊದಲು.

ಮನೆಗೆ ಬಂದ ಮೇಲೆ ಮುದುಕ ಸುವರ್ಣಾಳ ಎದುರು ಬಂದು ಕೂತ. ಅವಳು ಅವನಿಗೆ ರೊಟ್ಟಿ ಬಡಿಸಿದಳು. ನಂಬಿದ್ದಕ್ಕೆ ಅವನ ಮೇಲೂ ಅವಳಿಗೆ ಸಿಟ್ಟಿತ್ತು. ಅದು ಅವತ್ತು ಹೋಯಿತು ಎನ್ನಲಾಗದು, ಕಡಿಮೆಯಾಯಿತು.

ರಾಯವ್ವ ಪೊಲೀಸರ ಮುಂದೆ ತಾನು ಕಂಡದ್ದನ್ನು ಹೇಳಿದಳು. ಗೋಕಾಕದ ಕೋರ್ಟಿನಲ್ಲಿ ಕೇಸು ನಡೆದಿದೆ. ತಾರೀಖುಗಳು ಬರುತ್ತವೆ, ಹೋಗುತ್ತವೆ. ಸುವರ್ಣಾ ಕೋರ್ಟನ್ನು ಬಹಳ ನೆಚ್ಚಿಕೊಂಡಿಲ್ಲ.

ಸೋಮಲಿಂಗನಿಗೆ ಅವಳು ದೀಪ ಕೊಟ್ಟಳು. ಕೊಡುತ್ತೇನೆಂದು ಹೇಳಿದ್ದಳು, ಕೊಟ್ಟಳು. ತಾನೇ ಅವನ ಮನೆಗೆ ಹೋಗಿ, ಅಂಗಳದಲ್ಲಿ ನಿಂತು, ಅವನ ಟ್ರೇಲರಿಗೆ ತನ್ನ ಕೈಯಾರೆ ಬಿಗಿದಳು. ಅವನದಕ್ಕೆ ಎಲ್ಲರಿಗಿಂತ ದೊಡ್ಡ ಅಕ್ಷರ ಮಾಡಿಸಿದ್ದಳು. ಗುಡಿಯಲ್ಲಿ ಹೇಳಿದ್ದೇನಲ್ಲ, ಇನ್ನೂ ಇದು ಬೇಕೇ ಎಂದು ಅವನು ಕೇಳಿದ. ಗುಡಿಯಲ್ಲಿ ನೀವು ಹೇಳಿದ್ದು ಕುಲಗೋಡದವರು ಕೇಳಿದರು, ಹುಕ್ಕೇರಿಯವರು ಕೇಳಲಿಲ್ಲ ಎಂದಳು. ಗ್ಯಾಂಗಿನ ಹೆಂಗಸರು ಆಮೇಲೆಯೇ ಅವನ ಗಾಡಿ ಹತ್ತಿದರು. ಈಗ ಬ್ಯಾಟರಿ ಇಳಿದಾಗಲೆಲ್ಲ ಅವನು ಅಂಗಡಿಗೆ ಬರಬೇಕು. ಬಂದರೆ ಸುವರ್ಣಾ ಬೇರೆಯವರ ಕೆಲಸವನ್ನೆಲ್ಲ ಮುಗಿಸಿ, ಕಡೆಗೆ ಅವನದು ಮುಟ್ಟುತ್ತಾಳೆ. ಅವನು ಹೊರಗಿನ ಬಾಕಿನ ಮೇಲೆ ಕೂತು ಕಾಯುತ್ತಾನೆ. ಪೂನಮ್ ಒಂದೆರಡು ಸಲ, ಸಾಕು ಬಿಡು ಸುವರ್ಣಕ್ಕ ಎಂದಳು. ಸುವರ್ಣಾ ಇನ್ನೊಂದು ಪಂಪು ಮುಂದಕ್ಕೆಳೆದುಕೊಂಡಳು.

ಹೋದ ಹಂಗಾಮಿನ ಕಡೆಗೆ ಸಾವಿತ್ರವ್ವ ಬಂದಿದ್ದಳು. ಅಂಗಡಿಗಲ್ಲ, ಮನೆಗೆ. ತನ್ನ ಮಗಳನ್ನು ನೋಡಲು ಮೂಡಲಗಿಯಿಂದ ಬಂದ ಗಂಡಿನ ಕಡೆಯವರು, ಅಂಗಳದಲ್ಲಿ ನಿಂತ ಟ್ರೇಲರಿನ ಮೇಲಿನ ಅಕ್ಷರ ಓದಿ, ಇದೇ ಆ ಮನಿ ಏನು ಎಂದು ಕೇಳಿ ಚಹಾ ಕುಡಿಯದೆ ಎದ್ದು ಹೋದರಂತೆ. ಹುಡುಗಿ ಊಟ ಬಿಟ್ಟಿದ್ದಾಳೆ ಎಂದು ಹೇಳುತ್ತ ಸಾವಿತ್ರವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನ ಗಂಡನಿಗೆ ಏನು ಬೇಕಾದರೂ ಮಾಡು, ಮಗಳ ಮದುವೆ ಆಗುವವರೆಗಾದರೂ ಆ ಹೆಸರು ತೆಗಿ ಎಂದು ಕೈ ಹಿಡಿದುಕೊಂಡಳು.

ಸುವರ್ಣಾ ಕೈ ಬಿಡಿಸಿಕೊಳ್ಳಲಿಲ್ಲ. ಅವಳಿಗೆ ಚಹಾ ಮಾಡಿಕೊಟ್ಟಳು, ಕುಡಿಯುವವರೆಗೆ ಎದುರಿಗೆ ಕೂತಳು. ಸಾವಿತ್ರವ್ವನ ಮಗಳನ್ನು ಅವಳು ಎತ್ತಿ ಆಡಿಸಿದ್ದಳು. ಒಳಗೆ ಬೀರಸಿದ್ದಪ್ಪ ಕೆಮ್ಮಿದ, ಏನೋ ಹೇಳಬೇಕೆನ್ನುವವನಂತೆ, ಆದರೆ ಹೊರಗೆ ಬರಲಿಲ್ಲ.

"ಅಕ್ಕಾರ, ನಿಮ್ಮ ಮ್ಯಾಲ, ಆ ಹುಡುಗಿ ಮ್ಯಾಲ ನನಗ ಸಿಟ್ಟಿಲ್ಲ," ಎಂದಳು ಸುವರ್ಣಾ. "ಆದ್ರ ತಗಿಯಂಗಿಲ್ರಿ."

ಸಾವಿತ್ರವ್ವ ಎದ್ದು ಹೋದ ಮೇಲೆ ಅವಳು ಬಾಗಿಲಲ್ಲಿಯೇ ಸ್ವಲ್ಪ ಹೊತ್ತು ನಿಂತಿದ್ದಳು. ಮರುದಿನ ಮುಂಜಾನೆ ಎಂದಿನ ಬಸ್ಸಿಗೆ ಗೋಕಾಕಕ್ಕೆ ಹೋದಳು.